ಒನ್ಸ್ ಮೋರ್ ಮೇಷ್ಟ್ರು
ಗಾನವಿಲಾಸ ಪಾರ್ಟಿಯವರು ಶಿಕಾರಿಪುರದ ಕ್ಲಬ್ಬಿನಲ್ಲಿ ಹಾಡುತ್ತಾರೆಂದರೆ ಸೊರಬದ ನಾಗಪತಿ ಮೇಷ್ಟ್ರನ್ನು ಹಿಡಿಯುವವರಿಲ್ಲ. ಸಂಜೆಯ ಹಾಡಿಗೆ ಮಧ್ಯಾಹ್ನದ ಬಸ್ಸಿಗೇ ಬಂದಿಳಿದು, ಜಮಖಾನೆ ಹಾಸುವ ಮೊದಲೇ ಮುಂದಿನ ಸಾಲಿನಲ್ಲಿ ಟವೆಲ್ ಹಾಸಿ ಜಾಗ ಹಿಡಿಯುತ್ತಾರೆ. ತಬಲಾದವನು ಶ್ರುತಿ ಮಾಡಲು ಸುತ್ತಿಗೆ ಎತ್ತಿದರೂ ‘ಭೇಷ್!’ ಹಾಡು ಮುಗಿದರೆ ‘ಒನ್ಸ್ ಮೋರ್!’ ಗಾಯಕ ಕೆಮ್ಮಿದರೂ ಎಲ್ಲಿ ಒನ್ಸ್ ಮೋರ್ ಎನ್ನುತ್ತಾರೋ ಎಂದು ನಮಗೆ ಭಯ. ಎಲ್ಲ ಹಾಡೂ ಬಾಯಿಪಾಠ, ಹಾಗಾಗಿ ಇವರ ತುಟಿಗೂ ಬಿಡುವಿಲ್ಲ. ಪಕ್ಕದಲ್ಲಿ ಕೂತ ಅಕ್ಕಿ ಮಂಡಿಯ ಗಂಗಾಧರಪ್ಪ, “ಏನ್ರೀ ಮೇಷ್ಟ್ರೇ, ಹಾಡೋರು ಅವ್ರೋ ನೀವೋ?” ಎಂದರೆ, “ಹನ್ನೆರಡು ವರ್ಷದಿಂದ ಕೇಳ್ತಿದೀನಿ, ನಿಮಗೇನ್ ಗೊತ್ತು, ಸುಮ್ನಿರ್ರೀ!” ಎಂದು ಗದರುತ್ತಾರೆ. ಶಾಲೆಯಲ್ಲಿ ಪದ್ಯ ಒಪ್ಪಿಸುವವನಿಗೆ ಪಕ್ಕದವನು ಪಿಸುಗುಟ್ಟಿ ಹೇಳಿಕೊಟ್ಟರೆ ಇಬ್ಬರಿಗೂ ಬೆತ್ತದ ಏಟು ಕೊಡುವ ಈ ಮಹಾಶಯರಿಗೆ, ಪಾರ್ಟಿಯ ಹಿರಿಯ ಗಾಯಕ ಪರಮಶಿವಪ್ಪ ತಾಳ ತಪ್ಪಿದರೆ ಅದೊಂದು ಹೊಸ ತಾಳ. ಕಳೆದ ಶನಿವಾರ ಆ ಮುದುಕ, ಸಾವಿರ ಸಲ ಹಾಡಿದ ಹಾಡಿನ ಎರಡನೆಯ ಚರಣಕ್ಕೆ ಬಂದು ನಿಂತುಬಿಟ್ಟ. ಹಾರ್ಮೋನಿಯಂ ಅದೇ ಸಾಲನ್ನು ಎರಡು ಸಲ, ಮೂರು ಸಲ ನುಡಿಸಿತು. ಅವನ ಕಣ್ಣು ಮುಂದಿನ ಸಾಲಿನಲ್ಲಿ ತಡಕಾಡಿತು. ಮೇಷ್ಟ್ರು ದನಿ ತೆಗೆಯದೆ ಒಂದೊಂದೇ ಅಕ್ಷರವನ್ನು ತುಟಿಯಲ್ಲಿ ಬಿಡಿಸಿ ತೋರಿಸಿದರು. ಅವರ ಬಾಯನ್ನೇ ನೋಡುತ್ತ ಗಾಯಕ ಕೊನೆಯವರೆಗೂ ಹಾಡಿದ. ಚಪ್ಪಾಳೆಗೆ ಹಂಚು ಹಾರುವುದೊಂದು ಬಾಕಿ. ಇದ್ಯಾವುದನ್ನೂ ಗಮನಿಸದ ಗಂಗಾಧರಪ್ಪ ಹುರುಪಿನಿಂದ “ಒನ್ಸ್ ಮೋರ್!” ಎಂದು ಕೂಗಿದ. ಮೇಷ್ಟ್ರು ಅವನ ತೊಡೆಯನ್ನು ಗಟ್ಟಿಯಾಗಿ ಅದುಮಿ ಹಿಡಿದು, “ಬೇಡ ಮಾರಾಯ್ರೇ” ಎಂದರು.