ತಪ್ಪಿಲ್ಲದ ಒಂದೇ ವಾಕ್ಯ

ಬಾಡಿಗಿ ಸಿಗದಾಗ ಕಾರಿನಾಗ ಕುಂತು ಮೊಬೈಲ್‌ನ್ಯಾಗ ಸ್ಪ್ಯಾನಿಶ್ ಕಲಿಯೋ ಹುಚ್ಚು ನನಗ. ಒಮ್ಮೆ ಸ್ಪೇನಿನ ಹೆಣ್ಣುಮಗಳೊಬ್ಬಾಕಿ ಕಿನ್ನಾಳದ ಗೊಂಬಿ ನೋಡಾಕ ನನ್ನ ಕಾರು ಹತ್ತಿದ್ಲು. ಗಂಗಾವತಿ ದಾಟಿದಾಗಿಂದ ನಾನು ಒಂದೊಂದು ವಾಕ್ಯ ಹೇಳೋದು, ಆಕಿ ತಿದ್ದೋದು. ಬಾಯಿ ತೆರೆದ್ರ ತಪ್ಪು.

ಹಿಟ್ನಾಳದ ಹತ್ರ ಬೇವಿನ ಮರದ ನೆರಳಿಗೆ ಗಾಡಿ ನಿಲ್ಲಿಸಿದೆ. ಆಕಿ ಡಬ್ಬಿ ತೆಗೆದ್ಲು. ಒಳಗ ಆಲೂಗಡ್ಡಿ ಹಾಕಿದ ದಪ್ಪ ಆಮ್ಲೆಟ್. ನಾನು ಬೆಳಿಗ್ಗೆಯಿಂದ ಬರೇ ಚಾದ ಮ್ಯಾಲೆ ಇದ್ದೆ. "ತಿಂತೀಯಾ?" ಅಂತ ತನ್ನ ಭಾಷಾದಾಗ ಕೇಳಿದ್ಲು. ಮೊದಲನೇ ಸಲಕ್ಕ ಹೂಂ ಅಂದ್ರ ನಮ್ಮ ಮರ್ಯಾದಿ ಏನಾಗಬೇಕು? "ನೋ, ಗ್ರಾಸಿಯಾಸ್" ಅಂದೆ. ಬ್ಯಾಡ, ಥ್ಯಾಂಕ್ಸ್ ಅಂತ.

"ಪೆರ್ಫೆಕ್ತೊ! ಒಂದೂ ತಪ್ಪಿಲ್ಲ!" ಅಂತ ಚಪ್ಪಾಳಿ ಹೊಡೆದು, ಪೂರ್ತಿ ತಾನೇ ತಿಂದು ಡಬ್ಬಿ ಮುಚ್ಚಿದ್ಲು. ಇನ್ನೊಮ್ಮೆ ಕೇಳ್ತಾಳ ಅಂತ ನಾನು ಬೇವಿನ ಎಲಿ ನೋಡ್ಕೋತ ನಿಂತಿದ್ದೆ.

ಕಿನ್ನಾಳದಾಗ ಗೊಂಬಿ ಮಾಡೋರ ಮನ್ಯಾಗ ಇಬ್ಬರನ್ನೂ ಊಟಕ್ಕ ಕೂಡಿಸಿದ್ರು. ಆಕಿ ಹೊಟ್ಟಿ ಮೊದಲೇ ತುಂಬಿತ್ತು. ಒಂದು ರೊಟ್ಟಿ ಹೆಂಗೋ ಮುಗಿಸಿ, ದಾರ್ಯಾಗ ನಾನು ಕಲಿಸಿದ್ದ ಕನ್ನಡದಾಗ "ಬ್ಯಾಡ್ರಿ" ಅಂದ್ಲು. ಮನಿಯಾಕಿ "ನಾಚ್ಕೋಬ್ಯಾಡ್ರಿ ಯವ್ವಾ, ಉಣ್ರಿ" ಅಂತ ಇನ್ನೆರಡು ರೊಟ್ಟಿ ಹಾಕಿದ್ಲು.

ಆಕಿ ಗಾಬರಿಯಾಗಿ ನನ್ನ ಕಡೆ ನೋಡಿ, "ನಾನು ಏನು ತಪ್ಪು ಹೇಳಿದೆ?" ಅಂದ್ಲು.

"ಪೆರ್ಫೆಕ್ತೊ, ಒಂದೂ ತಪ್ಪಿಲ್ಲ" ಅಂದೆ. ಆಮ್ಯಾಲೆ ಮನಿಯಾಕಿ ಕಡೆ ತಿರುಗಿ ನಾನೂ "ಬ್ಯಾಡ್ರಿ" ಅಂದು, ಮೂರನೇ ರೊಟ್ಟಿ ಹಾಕಿಸ್ಕೊಂಡೆ.