ಕ್ಲಿಫ್‌ನ ಎಡಗಿವಿ
ಇಂಗ್ಲೆಂಡಿನಲ್ಲಿ ಹವ್ಯಾಸಕ್ಕೆಂದು ಹಳೆಯ ಲಾರಿ ಸಾಕಿದವನನ್ನು ಅವನ ಎಡಗಿವಿಯಿಂದಲೇ ಗುರುತಿಸಬಹುದು. ಎಂಜಿನ್ ಎಡಪಕ್ಕದಲ್ಲೇ ಗುಡುಗಿ ಗುಡುಗಿ ಆ ಕಿವಿ ಕಿವುಡಾಗಿರುತ್ತದೆ. ನನ್ನ ಗಂಡ ಕ್ಲಿಫ್‌ನದೂ ಹಾಗೆಯೇ. ಭಾನುವಾರ ಫ್ಲಾಸ್ಕಿಗೆ ಚಹಾ ತುಂಬಿಸಿ, ಶ್ಯಾಪ್ ಗುಡ್ಡಕ್ಕೆ ಲಾರಿ ಹತ್ತಿಸುತ್ತಿದ್ದ. ಹಿಂದೆ ಇಪ್ಪತ್ತು ಕಾರುಗಳು ಹಾರ್ನ್ ಹೊಡೆದರೆ, "ಎಲ್ರೂ ನಮ್ ಲಾರಿಗೆ ನಮಸ್ಕಾರ ಹೇಳ್ತಿದಾರೆ ಕಣೇ" ಅನ್ನುತ್ತಿದ್ದ. ಎಡಕ್ಕೆ ಕೂತ ನಾನು, "ಕಿವುಡಪ್ಪಾ, ನನ್ ಮಾತು ಒಂದಾದ್ರೂ ತಲೆಗೆ ಹೋಗುತ್ತಾ?" ಎಂದು ಕಿರುಚಿದರೆ, "ಹೂಂ" ಅನ್ನುತ್ತಿದ್ದ. ಆ ಹೂಂ ನಾನು ನಂಬಿರಲಿಲ್ಲ. ಅವನು ಸತ್ತ ಮೇಲೆ, ಮಾರುವುದಕ್ಕೆಂದು ಲಾರಿ ಒರೆಸುತ್ತ ಮೊದಲ ಸಲ ಅವನ ಸೀಟಿನಲ್ಲಿ ಕೂತೆ. ತಲೆಯ ಮೇಲಿದ್ದ ಪುಟ್ಟ ಕನ್ನಡಿಯಲ್ಲಿ ನಾನು ಕೂತು ಕಿರುಚುವಾಗ ನನ್ನ ಬಾಯಿ ಇರುತ್ತಿದ್ದ ಜಾಗ ಬಿಟ್ಟು ಬೇರೇನೂ ಕಾಣಲಿಲ್ಲ. ಕೊಳ್ಳಲು ಬಂದಿದ್ದವನು, "ಕನ್ನಡಿ ಸೊಟ್ಟಗಿದೆಯಲ್ಲಮ್ಮಾ, ಸರಿ ಮಾಡ್ಲಾ?" ಎಂದ. "ಮುಟ್ಬೇಡಪ್ಪಾ," ಎಂದೆ, "ಲಾರಿ ಮಾರಲ್ಲ."