ಬಷೀರಾ ಕೇಳಿದ ಪಾಲು

ವಿಜಾಪುರ ಕಡೆಯ ಮೌಲಾಲಿ ಬೈಕುಲ್ಲಾದ ಗಲ್ಲಿಯೊಂದರಲ್ಲಿ ಹತ್ತಿ ಹಿಂಜಿ, ಗಾದಿ ಹೊಲಿದು, ಆ ಅಂಗಡಿಯನ್ನೂ ಅದರ ಹಿಂದಿನ ಎರಡು ಕೋಣೆಗಳನ್ನೂ ಸ್ವಂತ ಮಾಡಿಕೊಂಡಿದ್ದ. ೧೯೬೯ರಲ್ಲಿ ಅವನು ತೀರಿಕೊಂಡ ಮೇಲೆ ಎಲ್ಲವೂ ಮಗ ಸಿಕಂದರನ ಕೈಗೆ ಹೋಯಿತು. ಮಗಳು ಬಷೀರಾ ವಿಧವೆ. ಕುರ್ಲಾದ ಚಾಳಿನಲ್ಲಿ ಬಟ್ಟೆ ಹೊಲಿದು ಬದುಕುತ್ತಿದ್ದಳು. ಚಾಳಿನ ಮಾಲೀಕ ಖೋಲಿ ಬಿಡು ಎಂದು ಪೀಡಿಸತೊಡಗಿದಾಗ ಅಣ್ಣನಲ್ಲಿಗೆ ಹೋಗಿ ತನ್ನ ಪಾಲು ಕೇಳಿದಳು.

“ಅಬ್ಬಾ ಇದ್ದಾಗಲೇ ಎಲ್ಲಾ ನನಗ ದಾನಾ ಕೊಟ್ಟಾನ. ಅಂಗಡಿ ಕೀಲಿ ಕೈಯಾಗ ಇಟ್ಟು ಬಾಯಿಲೇ ಹೇಳ್ಯಾನ,” ಎಂದ ಸಿಕಂದರ. “ಉಣ್ಣಾಕ ಬಾ, ಪಾಲಿಗಿ ಬರಬ್ಯಾಡ.”

ಅವಳು ಉಣ್ಣದೆ ಎದ್ದು ಬಂದಳು. ಕೋರ್ಟಿಗೆ ಹೋದಳು.

ತಾರೀಖಿನ ಮೇಲೆ ತಾರೀಖು ಬೀಳುತ್ತ ವರ್ಷಗಳು ಕಳೆದವು. ತಾರೀಖಿದ್ದ ದಿನ ಅವಳಿಗೆ ಚಹಾ ಕೂಡ ಇಳಿಯುತ್ತಿರಲಿಲ್ಲ. ಲೋಕಲ್‌ನಲ್ಲಿ ಜಾಗ ಖಾಲಿಯಿದ್ದರೂ ಬಾಗಿಲ ಬಳಿಯೇ ನಿಲ್ಲುವಳು. ಕೋರ್ಟಿನಲ್ಲಿ ಹೇಳಬೇಕಾದದ್ದನ್ನು ತುಟಿಯಲ್ಲೇ ಹೇಳಿಕೊಳ್ಳುತ್ತ ಒಮ್ಮೆ ತನ್ನ ಸ್ಟೇಷನ್ ಬರುವ ಮೊದಲೇ ದಾದರ್‌ನಲ್ಲಿ ಇಳಿದುಬಿಟ್ಟಿದ್ದಳು. ಒಡಹುಟ್ಟಿದವನನ್ನು ಕೋರ್ಟಿಗೆಳೆದೆನಲ್ಲ ಎಂದು ಒಂದು ಗಳಿಗೆ ಅನಿಸಿದರೆ, ಮರುಗಳಿಗೆ ಮೈಯೆಲ್ಲ ಉರಿಯುತ್ತಿತ್ತು.

ಕೊನೆಗೆ ಸಿಕಂದರ ತಾಯಿ ನಜ್ಮಾಳನ್ನೇ ಸಾಕ್ಷಿಗೆ ಕರೆತಂದ. ಅವಳಿದ್ದದ್ದು ಅವನ ಮನೆಯಲ್ಲಿ, ಉಣ್ಣುತ್ತಿದ್ದದ್ದು ಅವನ ಅನ್ನ. ಬಷೀರಾ ಬೆಂಚಿನ ಅಂಚು ಹಿಡಿದು ಕೂತಳು.

“ನಿಮ್ಮ ಗಂಡ ಅಂಗಡಿಯ ಕೀಲಿ ಮಗನ ಕೈಗೆ ಕೊಟ್ಟು ಏನಂದ?” ಸಿಕಂದರನ ವಕೀಲ ಕೇಳಿದ.

ನಜ್ಮಾ ಸೆರಗು ಸರಿಪಡಿಸಿಕೊಂಡು ಮಗನ ಮುಖ ನೋಡಿದಳು. “ಮೊಣಕಾಲು ನೋಯ್ತಾವ, ನಾಳಿಂದ ಅಂಗಡಿ ನೀ ತೆಗಿ ಅಂದ್ರು. ಮತ್ತೇನೂ ಅನಲಿಲ್ಲರಿ.”

ಹೊರಗೆ ಬಂದಾಗ ಸಿಕಂದರ ತಾಯಿಯನ್ನು ಮೆಟ್ಟಿಲಲ್ಲೇ ಬಿಟ್ಟು ಹೊರಟುಹೋದ.

“ಕುರ್ಲಾಕ್ಕ ನಡಿ, ಅಮ್ಮಾ,” ಎಂದಳು ಬಷೀರಾ.

“ನಿನ್ನ ಸಲುವಾಗಿ ಹೇಳಿಲ್ಲ ನಾ. ಖರೇ ಹೇಳೀನಿ ಅಷ್ಟ. ನನ್ನ ಮನಿ ಹೋತು,” ಎಂದು ನಜ್ಮಾ ಟ್ರೇನಿನುದ್ದಕ್ಕೂ ಗೊಣಗಿದಳು.

೧೯೭೬ರಲ್ಲಿ ತೀರ್ಪು ಬಂತು: ದಾನ ಸಾಬೀತಾಗಿಲ್ಲ, ಹೆಂಡತಿಗೂ ಮಗಳಿಗೂ ಪಾಲುಂಟು. ಕೋರ್ಟಿನ ಕಮಿಷನರ್ ಟೇಪು ಹಿಡಿದು ಅಳೆದ. ಹಿಂದಿನ ಕೋಣೆಯೊಂದು ತಾಯಿ ಮಗಳ ಪಾಲಿಗೆ ಬಂತು. ನಡುವೆ ಗೋಡೆ ಎದ್ದಿತು. ಗಲ್ಲಿಯ ಕಡೆ ಹೊಸ ಬಾಗಿಲು ಒಡೆದರು.

ಬಷೀರಾ ಹೊಲಿಗೆ ಮಷೀನು ತಂದಿಟ್ಟಳು. ಆದರೆ ಗೋಡೆಯಾಚೆ ಅಣ್ಣ ಕೆಮ್ಮಿದರೆ ಸಾಕು, ಅವಳ ಕಾಲು ಪೆಡಲಿನ ಮೇಲೆ ನಿಂತುಬಿಡುತ್ತಿತ್ತು. ನಜ್ಮಾ ಅಂತೂ ಎದ್ದೇ ನಿಲ್ಲುವಳು. ಒಂದು ಮಧ್ಯಾಹ್ನ ಅವಳು ಮಾಂಸದ ಶೋರ್ವಾ ಮಾಡಿ ಬಟ್ಟಲು ಹಿಡಿದು ಹೊರಟಳು.

“ಮೆಟ್ಲಿನ್ಯಾಗ ಬಿಟ್ಟು ಹೋದಾವಂಗ ಒಯ್ತೀಯೇನು?” ಬಷೀರಾ ಅಡ್ಡ ನಿಂತಳು.

“ಕೇಸ್ ಗೆದ್ದಾಕಿ ನೀನು. ನಾ ಯಾರ ಮ್ಯಾಲೂ ಕೇಸ್ ಹಾಕಿಲ್ಲ. ಬಾಜೂಕ ಸರಿ.”

ಬಟ್ಟಲು ತುಂಬಿದ್ದ ಹಾಗೇ ವಾಪಸು ಬಂತು. ಮರುದಿನವೂ ಹಾಗೇ ಬಂತು. ಮೂರನೆಯ ದಿನ ನಜ್ಮಾ ಮತ್ತೆ ಒಲೆ ಹಚ್ಚಿದಾಗ ಬಷೀರಾ ಮಷೀನು ಬಿಟ್ಟೆದ್ದು ಈರುಳ್ಳಿ ಹೆಚ್ಚಿಕೊಟ್ಟಳು.